ಛತ್ರದಲ್ಲಿ ಬೆಳೆದ ಆಟ

ಆಷಾಢವು ಕಾಲಿಟ್ಟೊಡನೆ, ಅದುವರೆಗೆ ವಾಲಗದ ನಾದದಿಂದಲೂ ಬೀಗರೂಟದ ಸಂಭ್ರಮದಿಂದಲೂ ತುಂಬಿ ತುಳುಕುತ್ತಿದ್ದ ಮಂಡ್ಯ, ಮದ್ದೂರು, ಮಳವಳ್ಳಿಗಳ ಮದುವೆಯ ಛತ್ರಗಳು ಬಾಗಿಲಿಗೆ ಬೀಗ ಹಾಕಿಸಿಕೊಂಡು ಮೌನವನ್ನು ತಾಳುತ್ತವೆ. ಈಚೆಗೆ ಮದ್ದೂರಿನಲ್ಲಿ ಅಂಥದೊಂದು ಛತ್ರದ ಮುಂದೆ ಮಳವಳ್ಳಿಯ ಬಸ್ಸಿಗಾಗಿ ಕಾದು ನಿಂತಿದ್ದಾಗ, ಪಕ್ಕದ ಓಣಿಯಲ್ಲಿ ಇಬ್ಬರು ಹುಡುಗರು ಷಟಲ್ ಆಡುತ್ತಿದ್ದುದನ್ನು ಕಂಡೆನು. ಪಾಪ, ಅವರ ಹೊಡೆತಗಳಲ್ಲಿ ಒಂದಾದರೂ ನೆನೆಸಿದೆಡೆಗೆ ಹೋಗಲೊಲ್ಲದು! ಹದಿನಾರು ಗರಿಗಳನ್ನು ಬೆಂಡಿಗೆ ಸಿಕ್ಕಿಸಿ ಮಾಡುವ, ಸುಮಾರು 5 ಗ್ರಾಂ ತೂಗುವ ಆ ಗರಿಚೆಂಡಿಗೆ ಮನೆಯ ಬೀಸಣಿಗೆಯ ಗಾಳಿಯೇ ಹೆಚ್ಚಾಗಿರಲು, ಆಷಾಢಮಾರುತದ ಮುಂದೆ ಅದರ ಪಾಡೇನು? ಬ್ಯಾಡ್ಮಿಂಟನ್ ಎಂಬುದು ನಾಲ್ಕು ಗೋಡೆಗಳನ್ನೂ ಎತ್ತರವಾದ ಚಾವಣಿಯನ್ನೂ ಬೇಡುವ ಕ್ರೀಡೆ.

ಆಗ ನನ್ನ ನೆನಪಿಗೆ ಬಂದದ್ದು ಪ್ರಕಾಶ್ ಪಡುಕೋಣೆಯವರ ಬಾಲ್ಯ. 1955ರ ಜೂನ್ 10ರಂದು ಬೆಂಗಳೂರಿನಲ್ಲಿ ಜನಿಸಿದ ಅವರಿಗೆ, ಮೈಸೂರು ಬ್ಯಾಡ್ಮಿಂಟನ್ ಸಂಘದ ಕಾರ್ಯದರ್ಶಿಗಳಾಗಿದ್ದ ತಂದೆ ರಮೇಶ್ ಪಡುಕೋಣೆಯವರೇ ಈ ಕ್ರೀಡೆಯ ಮೊದಲ ಗುರುಗಳು. ಮನೆಗೆ ಸಮೀಪದಲ್ಲಿದ್ದ ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆಯ ಸಭಾಂಗಣವೇ ಅವರ ಗರಡಿ. ಇಂದು ಅಲ್ಲಿ ಸಮಾರಂಭವುಂಟೋ ಇಲ್ಲವೋ ಎಂದು ವಿಚಾರಿಸಿಕೊಂಡು, ಇಲ್ಲವೆಂದು ತಿಳಿದ ದಿನ ಶಾಲೆ ಬಿಟ್ಟೊಡನೆ ಓಡಿಹೋಗಿ ಮನದಣಿಯೆ ಆಡುತ್ತಿದ್ದ ಸಂಗತಿಯನ್ನು ಅವರೇ ಹೇಳಿಕೊಂಡಿದ್ದಾರೆ. ಊರಿನವರ ಮಂಗಳಕಾರ್ಯಗಳ ನಡುವಣ ಬಿಡುವಿನಲ್ಲಿ ಹೀಗೆ ಕಲಿತ ಹುಡುಗನು ಹದಿನಾರರ ಹರೆಯದಲ್ಲಿಯೇ ಕಿರಿಯರ ಮತ್ತು ಹಿರಿಯರ ರಾಷ್ಟ್ರೀಯ ಪ್ರಶಸ್ತಿಗಳೆರಡನ್ನೂ ಗೆದ್ದು, ಹಿರಿಯರ ಪಟ್ಟವನ್ನು ಸತತವಾಗಿ ಒಂಬತ್ತು ಬಾರಿ ತನ್ನದಾಗಿಸಿಕೊಂಡನು. 1978ರಲ್ಲಿ ಎಡ್ಮಂಟನ್ನಿನ ಕಾಮನ್‌ವೆಲ್ತ್ ಕ್ರೀಡಾಕೂಟದ ಸ್ವರ್ಣಪದಕವೂ ಲಭಿಸಿತು.

1980ರ ಮಾರ್ಚಿಯಲ್ಲಿ ಲಂಡನ್ನಿನ ವೆಂಬ್ಲಿಯಲ್ಲಿ ನಡೆದ ಆಲ್ ಇಂಗ್ಲೆಂಡ್ ಅಂತಿಮ ಪಂದ್ಯದ ವಿಷಯದಲ್ಲಿ ಮಾತ್ರ ತುಸು ನಿಧಾನಿಸಿ ಹೇಳಬೇಕು. ಎದುರಾಳಿಯಾದ ಇಂಡೋನೇಷ್ಯದ ಲಿಯೆಮ್ ಸ್ವೀ ಕಿಂಗ್ ಹಿಂದಿನ ಎರಡು ವರ್ಷಗಳಲ್ಲಿಯೂ ಆ ಪಟ್ಟವನ್ನು ಗೆದ್ದಿದ್ದವರು. ನೆಲದಿಂದ ಮೇಲಕ್ಕೆ ಚಿಮ್ಮಿ ಸಿಡಿಲಿನಂತೆ ಹೊಡೆಯುವ ಅವರ ಸ್ಮ್ಯಾಷ್ ಲೋಕಪ್ರಸಿದ್ಧ. ಬಲಕ್ಕೆ ಬಲವನ್ನೇ ಒಡ್ಡದೆ, ಗರಿಚೆಂಡನ್ನು ಒಮ್ಮೆ ಹಿಂಬದಿಯ ಗೆರೆಯವರೆಗೆ ತೇಲಿಸಿ, ಒಮ್ಮೆ ಬಲೆಯಂಚಿನಲ್ಲಿ ಮೆಲ್ಲನೆ ಇಳಿಬಿಟ್ಟು, ಮಣಿಕಟ್ಟಿನ ಕಡೆಯ ತಿರುವಿನಲ್ಲಿ ದಿಕ್ಕನ್ನು ಮರೆಸಿ, ಕಿಂಗ್ ಅವರಿಗೆ ಚಿಮ್ಮುವ ಅವಕಾಶವೇ ದೊರೆಯದಂತೆ ಮಾಡಿದ ಪ್ರಕಾಶರು 15-3, 15-10ರಿಂದ ಗೆದ್ದರು. ಆ ಪಟ್ಟವೇರಿದ ಮೊದಲ ಭಾರತೀಯರಾದರು. ಪರಾಕ್ರಮವನ್ನು ಸಂಯಮದಿಂದ ಗೆದ್ದ ಇಂಥ ದೃಷ್ಟಾಂತವು ನಮ್ಮ ಕ್ರೀಡಾಚರಿತ್ರೆಯಲ್ಲಿ ವಿರಳ. ತನ್ನ ಸರದಿಗಾಗಿ ಕಾಯುವುದನ್ನು ಎಳವೆಯಲ್ಲಿಯೇ ಕಲಿತವನಿಗಲ್ಲದೆ ಇಂಥ ತಾಳ್ಮೆ ಒದಗದೆಂದೇ ನನ್ನ ಭಾವನೆ.

ಬಳಿಕ ಡೆನ್ಮಾರ್ಕಿನಲ್ಲಿ ನೆಲಸಿ ಆಡಿದ ವರ್ಷಗಳು, 1981ರಲ್ಲಿ ಕೌಲಾಲಂಪುರದ ವಿಶ್ವಕಪ್ಪು, 1983ರ ವಿಶ್ವ ಚಾಂಪಿಯನ್‌ಷಿಪ್ಪಿನ ಕಂಚು, ಇವೆಲ್ಲ ಸುವಿದಿತ. ಅದಕ್ಕಿಂತ ಮಿಗಿಲಾಗಿ ನಾನು ಮೆಚ್ಚುವುದು, ಆಟದಿಂದ ನಿವೃತ್ತರಾದಮೇಲೆ 1994ರಲ್ಲಿ ವಿಮಲ್ ಕುಮಾರ್ ಮೊದಲಾದವರ ಜತೆಗೂಡಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಕಾಡೆಮಿಯನ್ನು. ತಾವು ಪಡೆಯದಿದ್ದ ಅನುಕೂಲವನ್ನು ಮುಂದಿನವರಿಗೆ ಕಲ್ಪಿಸಿಕೊಟ್ಟದ್ದರಿಂದಲೇ, ಅಲ್ಲಿ ಅಭ್ಯಾಸ ಮಾಡಿದ ಪುಲ್ಲೇಲ ಗೋಪಿಚಂದರು 2001ರಲ್ಲಿ ಅದೇ ಆಲ್ ಇಂಗ್ಲೆಂಡ್ ಪಟ್ಟವನ್ನು ಭಾರತಕ್ಕೆ ಮತ್ತೆ ತಂದರು.

ಒಂದು ಅಂಗಣಕ್ಕೆ ಬೇಕಾದದ್ದು 44 ಅಡಿ ಉದ್ದ, 20 ಅಡಿ ಅಗಲ; ನಮ್ಮ ಸೀಮೆಯ ದೊಡ್ಡ ಛತ್ರಗಳಲ್ಲಿ ಊಟದ ಪಂಕ್ತಿಗೇ ಅಷ್ಟು ಸ್ಥಳವುಂಟು. ನುಣುಪಾದ ಕಲ್ಲುನೆಲ ಮೊಣಕಾಲಿಗೆ ಒಳ್ಳೆಯದಲ್ಲ, ನಿಜ. ಹಾಸುವುದಕ್ಕೆ ರಬ್ಬರಿನ ಚಾಪೆ ಬೇಕು, ಬೀಸಣಿಗೆಗಳನ್ನು ನಿಲ್ಲಿಸಬೇಕು, ಚಾವಣಿ ತಗ್ಗಾಗಿದ್ದಲ್ಲಿ ಆಡಲಾಗದು. ಇಷ್ಟನ್ನು ಒಪ್ಪಿಯೂ, ಮಂಡ್ಯ, ಮದ್ದೂರು, ಮಳವಳ್ಳಿಗಳ ಛತ್ರಗಳ ಧರ್ಮದರ್ಶಿಗಳಲ್ಲಿ ನನ್ನದೊಂದು ಬಿನ್ನಹ: ಮದುವೆಗಳಿಲ್ಲದ ಆಷಾಢದಲ್ಲಿಯೂ ಧನುರ್ಮಾಸದಲ್ಲಿಯೂ, ಸಂಜೆ ನಾಲ್ಕರಿಂದ ಏಳರವರೆಗೆ, ಬಾಡಿಗೆಯನ್ನು ಕೇಳದೆ, ಶಾಲೆಯ ಮಕ್ಕಳಿಗಾಗಿ ಆ ಬಾಗಿಲುಗಳನ್ನು ತೆರೆದಿಡಿ.