ಎಲುಬಿನ ಸಿಪಾಯಿಗಳಿಗೆ ಮೇಜಿನ ಮೇಲೆ ಜಾಗವಿಲ್ಲವೇ?

ಇತ್ತೀಚೆಗೆ ಮಕ್ಕಳ ಕರಕುಶಲ ಪ್ರದರ್ಶನವೊಂದಕ್ಕೆ ನನ್ನ ಮಗ ಇಪ್ಪತ್ತು ಪುಟಾಣಿ ಸಿಪಾಯಿಗಳ ತುಕಡಿಯೊಂದನ್ನು ಒಯ್ದಿದ್ದ. ಒಬ್ಬೊಬ್ಬನೂ ಸುಮಾರು 28 ಮಿಲಿಮೀಟರ್ ಎತ್ತರ, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಎಲ್ಲರೂ ಸತ್ತವರೇ. ಬರೀ ಎಲುಬಿನ ಗೂಡು, ಹರಿದ ಅಂಗಿ, ತುಕ್ಕು ಹಿಡಿದ ಕತ್ತಿ, ಓರೆಯಾದ ಶಿರಸ್ತ್ರಾಣ. ಹಿಂದೆ ಅವರ ಎರಡರಷ್ಟು ಎತ್ತರದ ಒಬ್ಬ ದೈತ್ಯ. ತೀರ್ಪುಗಾರರು ಬಂದರು, ನೋಡಿದರು, ಮೂರು ಮಾತು ಹೇಳಿ ಮೇಜಿನಿಂದ ತೆಗೆಸಿದರು. ಒಂದು, ಇದು ಕೊಂಡು ತಂದದ್ದು, ಮಾಡಿದ್ದಲ್ಲ. ಎರಡು, ಇದು ಅಶುಭ. ಮೂರು, ಇದು ಯುದ್ಧದ ಆಟ, ಮಕ್ಕಳಿಗೆ ಸಲ್ಲದು.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಓದುಗರು ನಗಬಹುದು. ನಗಲಿ. ಆದರೆ ಈ ಮೂರು ಮಾತುಗಳನ್ನು ನಾನೂ ಮನೆಯಲ್ಲಿ ಆಡಿದವನೇ. ಆಮೇಲೆ ಹತ್ತಿರ ಕುಳಿತು ನೋಡಿದೆ. ನೋಡಿದ ಮೇಲೆ ಮೂರೂ ಸುಳ್ಳೆಂದು ಗೊತ್ತಾಯಿತು. ಆದ್ದರಿಂದ ಬರೆಯುತ್ತಿದ್ದೇನೆ.

ಮೊದಲು ‘ಕೊಂಡದ್ದು’ ಎಂಬ ಆಪಾದನೆ. ಈ ಆಟದ ತವರು ಇಂಗ್ಲೆಂಡು. ಗೇಮ್ಸ್ ವರ್ಕ್‌ಶಾಪ್ ಎಂಬ ಕಂಪನಿ ಅಲ್ಲಿ 1975ರಲ್ಲಿ ಹುಟ್ಟಿತು. 1983ರಲ್ಲಿ ಅದರ ‘ವಾರ್‌ಹ್ಯಾಮರ್’ ಬಂತು. ಮೇಜಿನ ಮೇಲೆ ಸೈನ್ಯಗಳನ್ನು ನಿಲ್ಲಿಸಿ, ಅಳತೆಪಟ್ಟಿಯಿಂದ ದೂರ ಅಳೆದು, ದಾಳ ಉರುಳಿಸಿ ಆಡುವ ಆಟ. ಸತ್ತೂ ಸಾಯದವರ ಸೈನ್ಯ ಅದರಲ್ಲಿ ಒಂದು ಪಕ್ಷ. ಪೆಟ್ಟಿಗೆ ಕೊಂಡರೆ ಒಳಗೆ ಸಿಪಾಯಿ ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ತಲೆ, ಕೈ, ಕಾಲು, ಪಕ್ಕೆಲುಬು ಬೇರೆ ಬೇರೆಯಾಗಿ ಅಂಟಿಕೊಂಡಿರುತ್ತವೆ. ಇವನ್ನು ಕತ್ತರಿಸಿ ತೆಗೆದು, ಅಚ್ಚಿನ ಗೆರೆಯನ್ನು ಚಾಕುವಿನಿಂದ ಹೆರೆದು, ಅಂಟಿಸಬೇಕು. ಇಷ್ಟು ಮಾಡಿದರೆ ಚಿತ್ರದಲ್ಲಿರುವಂಥ ಸಿಪಾಯಿ ಆಗುತ್ತಾನೆ. ನನ್ನ ಮಗ ಅಲ್ಲಿಗೆ ನಿಲ್ಲಲಿಲ್ಲ. ಒಂದು ಪೆಟ್ಟಿಗೆ ಅಸ್ಥಿಪಂಜರ, ಇನ್ನೊಂದು ಪೆಟ್ಟಿಗೆ ಜೀವಂತ ಸಿಪಾಯಿ, ಎರಡನ್ನೂ ಬೆರೆಸಿದ. ಜೀವಂತರ ತಲೆ ಕಡಿದು ಬುರುಡೆ ಇಟ್ಟ. ಒಬ್ಬನ ಅಂಗಿಯ ತೋಳನ್ನು ಕೊರೆದು ಒಳಗಿನಿಂದ ಎಲುಬಿನ ಮುಂಗೈ ಇಣುಕುವಂತೆ ಮಾಡಿದ. ಕೀಲು ನಿಲ್ಲದ ಕಡೆ ಕೈಯಲ್ಲಿ ತಿರುಗಿಸುವ ಸಣ್ಣ ಬೈರಿಗೆಯಿಂದ ತೂತು ಕೊರೆದು ಕಾಗದದ ಕ್ಲಿಪ್ಪಿನ ತಂತಿ ತೂರಿಸಿದ. ಸಂದುಗಳಿಗೆ ಎಪಾಕ್ಸಿ ಪುಟ್ಟಿ ತುಂಬಿದ. ಸೋರುವ ಕೊಳಾಯಿಗೆ ನಾವು ಹಚ್ಚುವ ಎಂ-ಸೀಲ್ ಇದೇ ಜಾತಿಯದು. ಎರಡು ಉಂಡೆ ಕಲಸಿದ ಮೇಲೆ ಗಟ್ಟಿಯಾಗುವ ಮುನ್ನ ಕೆಲಸ ಮುಗಿಯಬೇಕು.

ಆ ದೈತ್ಯನ ಕಥೆ ಬೇರೆ. ಅವನು ರಸ್ತೆಬದಿಯಲ್ಲಿ ಚೀಲದಲ್ಲಿ ಮಾರುವ ಅಗ್ಗದ ಹಸಿರು ಸಿಪಾಯಿ. ಮಗ ಅಂಟು ಹಚ್ಚಿದರೆ ಹಿಡಿಯಲಿಲ್ಲ, ಬಣ್ಣ ಹಚ್ಚಿದರೆ ಸಿಪ್ಪೆಯಂತೆ ಎದ್ದು ಬಂತು. ಹುಡುಗ ಅಳುವಂತಾದ. ಎಂದೋ ಮಾಡಿದ ಬಿ.ಎಸ್ಸಿ. ಅಂದು ಉಪಯೋಗಕ್ಕೆ ಬಂತು. ಪೆಟ್ಟಿಗೆಯ ಸಿಪಾಯಿ ಪಾಲಿಸ್ಟೈರೀನ್. ಅದರ ಅಂಟು ಎರಡು ಮೈಗಳನ್ನೂ ಕರಗಿಸಿ ಬೆಸೆಯುತ್ತದೆ. ಈ ಮೆತ್ತನೆಯ ಆಟಿಕೆ ಪಾಲಿಥಿಲೀನ್. ಅದು ಆ ಅಂಟಿಗೆ ಕರಗುವುದಿಲ್ಲ, ಬಣ್ಣವನ್ನೂ ಹಿಡಿಯುವುದಿಲ್ಲ. ಇಷ್ಟು ಹೇಳಿ ಸುಮ್ಮನಾದೆ. ಉಪಾಯ ಅವನೇ ಕಂಡುಕೊಂಡ. ಸೋಪು ಹಾಕಿ ತೊಳೆದು, ಅಂಟಿನ ಬದಲು ತಂತಿಯಿಂದ ಕೀಲುಗಳನ್ನು ಹೊಲಿದು, ಮೈ ಸುತ್ತ ಪುಟ್ಟಿಯ ಕವಚ ತೊಡಿಸಿದ. ಅದರ ಮೇಲೆ ಬಣ್ಣ ನಿಂತಿತು. ‘ಕೊಂಡದ್ದು’ ಎಂದವರು ಇದನ್ನು ಯಾವ ಅಂಗಡಿಯಲ್ಲಿ ಕೊಂಡದ್ದೆಂದು ತೋರಿಸಿಕೊಡಲಿ.

ಬಣ್ಣದ ಕೆಲಸವೂ ಬಳಿದು ಬಿಡುವಂಥದ್ದಲ್ಲ. ಎಲುಬು ಬಿಳಿ ಎಂದು ಬಿಳಿ ಬಳಿದರೆ ಸೀಮೆಸುಣ್ಣದಂತೆ ಕಾಣುತ್ತದೆ. ಮೊದಲು ಕಂದು, ಮೇಲೆ ಮಾಸಲು ಹಳದಿ. ಆಮೇಲೆ ನೀರಾದ ಕಡುಕಂದನ್ನು ಹರಿಯಬಿಟ್ಟರೆ ಅದು ತಾನಾಗಿ ಪಕ್ಕೆಲುಬಿನ ಸಂದುಗಳಿಗೆ ಇಳಿದು ನೆರಳಾಗುತ್ತದೆ. ಕೊನೆಗೆ ಕುಂಚದ ಬಣ್ಣವನ್ನು ಬಟ್ಟೆಗೆ ಒರೆಸಿ, ಹೆಚ್ಚುಕಡಿಮೆ ಒಣಗಿದ ಕುಂಚವನ್ನು ಉಬ್ಬಿನ ಮೇಲೆ ಮಾತ್ರ ಆಡಿಸಬೇಕು. ತುಕ್ಕಿಗೆ ಸ್ಪಂಜಿನ ಚೂರಿನಲ್ಲಿ ಕಿತ್ತಳೆ ಮತ್ತು ಕಂದು. ಕಂಚಿನ ಗುರಾಣಿಗೆ ನೀಲಿ ಬೆರೆತ ಹಸಿರು ಕಿಲುಬು. ನಮ್ಮ ಮನೆಯ ಹಳೆಯ ಕಂಚಿನ ತಂಬಿಗೆಯನ್ನು ಮುಂದಿಟ್ಟುಕೊಂಡು ಅವನು ಆ ಬಣ್ಣ ಹೊಂದಿಸಿದ.

ಎರಡನೆಯ ಮಾತು, ಅಶುಭ. ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿದ ಅಸ್ಥಿಪಂಜರ ಅಶುಭವಲ್ಲ, ಮೇಜಿನ ಮೇಲಿನ ಬೊಂಬೆ ಅಶುಭ! ಬೆನ್ನ ಮೇಲೆ ಬೇತಾಳನನ್ನು ಹೊತ್ತ ವಿಕ್ರಮನ ಕಥೆಯನ್ನು ಮಲಗುವ ಮಕ್ಕಳಿಗೆ ಹೇಳುವವರು ನಾವು. ರುಂಡಮಾಲೆ ಧರಿಸಿದ ದೇವತೆಗೆ ಕೈಮುಗಿಯುವವರು ನಾವು. ಬಾದಾಮಿಯ ಒಂದನೆಯ ಗುಹೆಗೆ ಹೋದವರು ಅರ್ಧನಾರೀಶ್ವರನ ಪಕ್ಕದಲ್ಲಿ ನಿಂತ ಭೃಂಗಿಯನ್ನು ನೆನೆಸಿಕೊಳ್ಳಲಿ. ಮಾಂಸವೇ ಇಲ್ಲದ, ಎಲುಬು ಎಣಿಸಬಹುದಾದ ಮೂರ್ತಿ. ಸಾವಿರದ ನಾನೂರು ವರ್ಷಗಳ ಹಿಂದೆ ಅದನ್ನು ಕಡೆದ ಶಿಲ್ಪಿಯನ್ನು ಅಶುಭವೆಂದು ಯಾರೂ ಓಡಿಸಲಿಲ್ಲ. ಇನ್ನು ‘ದೊಡ್ಡ ಹುಡುಗನಿಗೆ ಬೊಂಬೆ ಯಾಕೆ’ ಎನ್ನುವವರಿಗೆ ಒಂದೇ ಮಾತು: ಪ್ರತಿ ನವರಾತ್ರಿಗೂ ಊರಿನಿಂದ ತಂದ ಪೆಟ್ಟಿಗೆ ಬಿಚ್ಚಿ ಮೆಟ್ಟಿಲು ಕಟ್ಟಿ ಬೊಂಬೆ ಕೂರಿಸುವವರು ಮಕ್ಕಳೋ, ಅರವತ್ತು ದಾಟಿದ ಅಜ್ಜಿಯರೋ?

ಮೂರನೆಯ ಮಾತು, ಯುದ್ಧದ ಆಟ. ಹಾಗಾದರೆ ಚದುರಂಗವನ್ನು ಮೊದಲು ಬಿಡಬೇಕು. ಅದರ ಹೆಸರೇ ನಾಲ್ಕಂಗದ ಸೈನ್ಯ. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂದು ಆಟಿಕೆ ಸಿಪಾಯಿಗಳ ಯುದ್ಧಕ್ಕೇ ನಿಯಮ ಬರೆದರು. ಆಟದ ಯುದ್ಧದ ಮುಂದೆ ನಿಜವಾದ ಯುದ್ಧ ಎಂಥ ಅವಿವೇಕ ಎಂಬುದೇ ಅವರ ಕೊನೆಯ ವಾದ. ಮರುವರ್ಷವೇ ಮಹಾಯುದ್ಧ ಬಂತು. ಮೀಸೆ ತಿರುವಿದ, ಹೊಳೆಯುವ ಗುಂಡಿಯ ಸಿಪಾಯಿ ಬೊಂಬೆ ಯುದ್ಧವನ್ನು ಚೆಂದವಾಗಿ ತೋರಿಸುತ್ತದೆ. ಎಲುಬಿನ ಸಿಪಾಯಿ ಅದು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತೋರಿಸುತ್ತಾನೆ. ಆಟದ ನಿಯಮದಲ್ಲೂ ಈ ಸೈನ್ಯ ಹೆದರಿ ಓಡುವುದಿಲ್ಲ, ಏಕೆಂದರೆ ಅದಕ್ಕೆ ಮನಸ್ಸೇ ಇಲ್ಲ. ಎಬ್ಬಿಸಿದ ನಾಯಕ ಬಿದ್ದರೆ ಸೈನ್ಯವೂ ಪುಡಿಯಾಗತೊಡಗುತ್ತದೆ. ಮೇಲಿನವರ ಆಜ್ಞೆಯೊಂದರ ಬಲದಿಂದಲೇ ನಿಂತವರ ಪಾಡು ಇದು. ವರ್ಷಗಟ್ಟಲೆ ಸರ್ಕಾರಿ ಕಡತ ಸರಿಸಿದ ನನಗೆ ಈ ನಿಯಮ ಬೇಗ ಅರ್ಥವಾಯಿತು!

ಒಂದು ಮಾತು ಒಪ್ಪುತ್ತೇನೆ. ಇದು ದುಬಾರಿ. ನಮ್ಮಂಥವರ ಮನೆಗೆ ವರ್ಷಕ್ಕೆ ಒಂದು ಪೆಟ್ಟಿಗೆಯೇ ಹೆಚ್ಚು. ಆದರೆ ಬರೀ ಕೊಳ್ಳುವವನಿಗೆ ಇದು ಎಷ್ಟು ದುಬಾರಿಯೋ, ಕತ್ತರಿಸಿ ಜೋಡಿಸುವವನಿಗೆ ಅಷ್ಟಲ್ಲ. ಬರೀ ಕೊಳ್ಳುವವನು ಕಂಪನಿಯ ಮರ್ಜಿಯಲ್ಲೂ ಇರಬೇಕು. ಇದೇ ಆಟದಲ್ಲಿ ಈಜಿಪ್ಟಿನ ಮಾದರಿಯ ‘ಟೂಂಬ್ ಕಿಂಗ್ಸ್’ ಎಂಬ ಎಲುಬಿನ ಸೈನ್ಯವನ್ನು ಕಂಪನಿ 2016ರಲ್ಲಿ ಮಾರಾಟದಿಂದ ತೆಗೆಯಿತು. 2024ರಲ್ಲಿ ಮತ್ತೆ ತಂದಿತು. ಆ ಎಂಟು ವರ್ಷ ಅಂಗಡಿಯನ್ನು ನಂಬಿದವನು ಕೈಕಟ್ಟಿ ಕೂರಬೇಕಾಯಿತು. ಕೈ ಪಳಗಿದವನಿಗೆ ಒಂದು ಬುರುಡೆ, ಒಂದು ಚೂರು ಪುಟ್ಟಿ ಸಾಕು.

ನಾವು ಊರು ಬಿಟ್ಟು ಬಂದವರು. ಮಕ್ಕಳಿಗೆ ಹೊಲವಿಲ್ಲ, ಹಿತ್ತಿಲಿಲ್ಲ, ಬಡಗಿಯ ಕೊಟ್ಟಿಗೆ ಇಲ್ಲ. ಎರಡು ಕೋಣೆಯ ಮನೆಯಲ್ಲಿ ಉಜ್ಜಿ, ಕೊರೆದು, ಕೆಡಿಸಿ, ಮತ್ತೆ ಸರಿಪಡಿಸಲು ಉಳಿದಿರುವುದು ಊಟದ ಮೇಜಿನ ಒಂದು ಮೂಲೆ. ಅಲ್ಲಿ ಒಂದು ಹುಡುಗ ತಾಳ್ಮೆ ಕಲಿಯುತ್ತಿದ್ದರೆ ಅವನು ಮಾಡುತ್ತಿರುವುದು ನವಿಲೋ ಬುರುಡೆಯೋ ಎಂದು ಕೇಳುವುದು ತೀರ್ಪಲ್ಲ. ಮುಂದಿನ ಪ್ರದರ್ಶನದ ತೀರ್ಪುಗಾರರಲ್ಲಿ ನನ್ನ ಬೇಡಿಕೆ ಇಷ್ಟೇ. ಬಹುಮಾನ ಕೊಡದಿದ್ದರೂ ಸರಿ, ವಸ್ತುವನ್ನು ತೆಗೆಸುವ ಮುನ್ನ ಅದನ್ನು ಕೈಗೆ ತೆಗೆದುಕೊಂಡು, ‘ಇದನ್ನು ಹೇಗೆ ಮಾಡಿದೆಯಪ್ಪಾ?’ ಎಂದು ಒಂದು ಮಾತು ಕೇಳಿ. ಆ ದಿನದಿಂದ ಅವನ ಕುಂಚಗಳು ಲೋಟದಲ್ಲಿ ಒಣಗಿ ನಿಂತಿವೆ. ಆ ಒಂದು ಪ್ರಶ್ನೆಗೆ ಉತ್ತರ ಹೇಳಲು ಹುಡುಗ ಇನ್ನೂ ಕಾಯುತ್ತಿದ್ದಾನೆ.