ಬೇಟೆ ನಿಂತಿತು, ಬೇಟೆಗಾರನ ಗತಿಯೇನು?

ರೋಣ, ನರಗುಂದ, ಗಜೇಂದ್ರಗಡದ ಎರೆಹೊಲಗಳಲ್ಲಿ ಕಡಲೆಯ ರಾಶಿ ಮುಗಿದಿದೆ. ಹೋಳಿ ಹುಣ್ಣಿಮೆಯಿಂದ ಯುಗಾದಿಯವರೆಗಿನ ಈ ದಿನಗಳು ಹಿಂದೆ ಬೇಟೆಯ ಕೊನೆಯ ದಿನಗಳಾಗಿದ್ದವು. ಈಗ ಬೇಟೆಯಿಲ್ಲ. ಬಯಲಾದ ಹೊಲಗಳಲ್ಲಿ ಚಿಗರಿಯ ಹಿಂಡುಗಳು ನಿರ್ಭಯವಾಗಿ ಅಡ್ಡಾಡುತ್ತಿವೆ. ಚಿಗರಿ ಉಳಿದದ್ದು ಒಳ್ಳೆಯದೇ. ಆದರೆ ಅದು ಯಾರ ಖರ್ಚಿನಲ್ಲಿ ಉಳಿದಿದೆ ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ. ಅದನ್ನು ಈ ಪತ್ರಿಕೆಯಲ್ಲಿ ಕೇಳಬಯಸುತ್ತೇನೆ.

ಕಳೆದ ವಾರ ಸಂಘಟನೆಯ ಕೆಲಸಕ್ಕೆ ಗಜೇಂದ್ರಗಡದ ಕಡೆಗೆ ಹೋಗಿದ್ದಾಗ ಹರಣಶಿಕಾರಿ ಜನರ ಓಣಿಯಲ್ಲಿ ಎಂಬತ್ತರ ಗಡಿ ಮುಟ್ಟಿದ ಮುದುಕನೊಬ್ಬನ ಸಂಗಡ ಕುಳಿತಿದ್ದೆ. ಹರಣವೆಂದರೆ ಚಿಗರಿ, ಆ ಜನರ ಹೆಸರೇ ಅವರ ಕಸುಬು. ನಾನು, "ಅಜ್ಜಾ, ಬೇಟಿ ಹೆಂಗ ಮಾಡ್ತಿದ್ರಿ?" ಎಂದು ಕೇಳಿದೆ.

"ಮಾಸ್ತರ್ರ, ಸಾಲಾಗಿ ಗೂಟ ಬಡದು ನರದ ಉರುಲು ಹಾಕ್ತಿದ್ವಿ. ಆ ಕಡಿಂದ ಹೆಂಗಸರು ಮಕ್ಕಳು ಮೆಲ್ಲಕ ಹಿಂಡು ಹೊಡಕೊಂಡು ಬರ್ತಿದ್ರು. ಗಬ್ಬದ ಹೆಣ್ಣು ಸಿಕ್ಕರ, ಸಣ್ಣ ಮರಿ ಸಿಕ್ಕರ, ಬಿಟ್ಟ ಬಿಡ್ತಿದ್ವಿ. ಅವನ್ನೂ ತಿಂದರ ಮುಂದಿನ ವರ್ಷ ಹೊಟ್ಟಿಗೇನು? ಆಮ್ಯಾಲೆ ಜೀಪ ಬಂದವು. ರಾತ್ರಿ ದೀಪ ಹಾಕಿ ಬಂದೂಕಿಲೆ ಹೊಡೆಯವರು ಬಂದ್ರು. ಅವರಿಗೆ ಹೆಣ್ಣಿಲ್ಲ, ಮರಿಯಿಲ್ಲ. ಚಿಗರಿ ಖಾಲಿ ಮಾಡಿದವರು ಅವರು. ಕಳ್ಳರು ಅನಿಸಿಕೊಂಡವರು ನಾವು."

ಈ ಮಾತು ಬರಿಯ ಮುದುಕನ ಗೊಣಗಾಟವಲ್ಲ. ಕೊಲ್ಹಾಪುರದ ಅರಸರು ಪಳಗಿಸಿದ ಚೀತಾಗಳನ್ನು ಚಿಗರಿಯ ಮೇಲೆ ಬಿಟ್ಟು ವಿನೋದಪಡುತ್ತಿದ್ದರು. ಅದಕ್ಕೆ ರಾಜಶಿಕಾರಿ ಎಂಬ ಗೌರವದ ಹೆಸರಿತ್ತು. ಹೊಟ್ಟೆಗಾಗಿ ಉರುಲು ಹಾಕಿದವನಿಗೆ ಮಾತ್ರ ಬೇರೆ ನ್ಯಾಯ. 1871ರಲ್ಲಿ ಇಂಗ್ಲಿಷ್ ಸರಕಾರ ಕ್ರಿಮಿನಲ್ ಟ್ರೈಬ್ಸ್ ಕಾಯದೆ ಮಾಡಿ, ಜಾತಿಗೆ ಜಾತಿಯನ್ನೇ ಅಪರಾಧಿಗಳೆಂದು ಪಟ್ಟಿ ಬರೆಯುವ ಅಧಿಕಾರ ಪಡೆಯಿತು. ಮುಂದೆ ಮುಂಬಯಿ ಇಲಾಖೆಯಲ್ಲಿ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಸೆಟ್ಲಮೆಂಟುಗಳಾದವು. ಅಲ್ಲಿಯವರು ದಿನವೂ ಹಾಜರಿ ಕೊಡಬೇಕು, ಪರವಾನಿಗೆ ಇಲ್ಲದೆ ಹೊರಗೆ ಹೋಗಕೂಡದು.

ಗಿರಣಿ ಕೂಲಿಕಾರ ಬಂಧುಗಳು ಒಂದು ಸಂಗತಿ ಮರೆಯಬಾರದು. ಹುಬ್ಬಳ್ಳಿಯ ನೂಲಿನ ಗಿರಣಿಗೆ ಸೆಟ್ಲಮೆಂಟಿನ ಜನರನ್ನು ದುಡಿಮೆಗೆ ಕಳಿಸುತ್ತಿದ್ದರು. ಬಿಟ್ಟು ಹೋಗಲು ಸ್ವಾತಂತ್ರ್ಯವಿಲ್ಲದ ಕೂಲಿಕಾರ ಯಾವ ಮಾಲಕನಿಗೆ ಬೇಡ? ನಾವು ನಿಂತ ಸಾಲಿನಲ್ಲಿಯೇ ನಮಗಿಂತ ಬಿಗಿಯಾದ ಸರಪಳಿ ತೊಟ್ಟು ಅವರು ನಿಂತಿದ್ದರು. ಆ ಕಾಯದೆ ರದ್ದಾದದ್ದು 1952ರ ಆಗಸ್ಟ 31ಕ್ಕೆ, ಅಂದರೆ ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ. ಕಾಯದೆ ಹೋಯಿತು, ಹೊಲ ಬರಲಿಲ್ಲ.

ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯದೆ ಬಂದಿತು. ಚಿಗರಿ ಅದರ ಒಂದನೆಯ ಪರಿಚ್ಛೇದದಲ್ಲಿದೆ. ಕೊಂದವನಿಗೆ 3ರಿಂದ 7 ವರ್ಷ ಶಿಕ್ಷೆ. 1974ರಲ್ಲಿ ರಾಣೆಬೆನ್ನೂರಿನ ಹತ್ತಿರ ಚಿಗರಿಗಾಗಿ ಅಭಯಾರಣ್ಯವೂ ಆಯಿತು. ಈ ಕಾಯದೆ ಬೇಕೇ ಇತ್ತು. ಆದರೆ ಅದೂ ಎಲ್ಲರ ಮೇಲೆ ಒಂದೇ ಭಾರದಿಂದ ಬೀಳುವುದಿಲ್ಲ. ರಾಜಸ್ಥಾನದಲ್ಲಿ 1998ರಲ್ಲಿ ನಡೆದ ಚಿಗರಿ ಬೇಟೆಗೆ ಒಬ್ಬ ಹೆಸರಾಂತ ಸಿನಿಮಾ ನಟನಿಗೆ ಶಿಕ್ಷೆಯಾದದ್ದು 2018ರಲ್ಲಿ. ಎರಡೇ ದಿನಕ್ಕೆ ಜಾಮೀನು. ನಮ್ಮ ಓಣಿಯ ಬಡವ ಸಿಕ್ಕಿದ್ದರೆ ಜಾಮೀನು ಕೊಡುವವರನ್ನು ಹುಡುಕುವುದರಲ್ಲಿಯೇ ವರ್ಷ ಕಳೆಯುತ್ತಿತ್ತು.

ಇನ್ನು ಒಕ್ಕಲಿಗನ ಮಾತು. ನಾನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲಕ್ಕೆ ಒಬ್ಬ ಹುಡುಗ ಕಡಲೆ ಬಿತ್ತಿದ ಮೇಲೆ ಇಪ್ಪತ್ತು ದಿನ ಶಾಲೆಗೆ ಬರುತ್ತಿರಲಿಲ್ಲ. ನಾನು ಹಾಜರಿ ಪಟದಲ್ಲಿ ಗೈರುಹಾಜರಿ ಬರೆದು, ಬಂದ ದಿನ ಅವನನ್ನು ನಿಲ್ಲಿಸಿ ಬೈದೆ. ಅವನು, "ಚಿಗರಿ ಕಾಯಾಕ ಹೋಗಿದ್ನಿರಿ" ಎಂದ. ನನಗೆ ನಂಬಿಗೆ ಬರಲಿಲ್ಲ. ಒಂದು ಮುಂಜಾನೆ ಅವನ ಹೊಲಕ್ಕೆ ಹೋಗಿ ನೋಡಿದೆ. ಹೊಲದ ಸುತ್ತ ತಾಯಿಯ ಹಳೆಯ ಸೀರೆಗಳನ್ನು ಕಟ್ಟಿದ್ದರು. ಹುಡುಗ ಕೈಯಲ್ಲಿ ಕವಣೆ ಹಿಡಿದು ಬದುವಿನ ಮೇಲೆ ಕುಳಿತಲ್ಲಿಯೇ ನಿದ್ದೆ ಹೋಗಿದ್ದ. ಆಚೆಯ ಅಂಚಿನಲ್ಲಿ ಚಿಗರಿಗಳು ಮೊಳಕೆ ಮೇಯುತ್ತಿದ್ದವು. ಬೈದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಸರಕಾರ ಪರಿಹಾರ ಕೊಡುತ್ತದಲ್ಲ ಎನ್ನಬಹುದು. ಅರ್ಜಿಗೆ ಪಹಣಿ ಬೇಕು. ಪಹಣಿ ಇರುವುದು ಹೊಲದ ಒಡೆಯನ ಹೆಸರಿಗೆ. ಲಾವಣಿ ಹಿಡಿದು ಬೀಜ ಗೊಬ್ಬರ ಹಾಕಿದವನ ಹೆಸರು ಎಲ್ಲಿಯೂ ಇಲ್ಲ. ಗೇಣುದ್ದ ಬೆಳೆಯ ನಷ್ಟವನ್ನು ಅಳೆಯುವುದು ಹೇಗೆ? ಸಾಹೇಬರು ಬರುವ ಹೊತ್ತಿಗೆ ಒಕ್ಕಲಿಗ ಸಾಲ ಮಾಡಿ ಎರಡನೆಯ ಸಲ ಬಿತ್ತಿರುತ್ತಾನೆ. ಆ ಬೀಜ ಅಂಗಡಿಯ ಉದ್ದರಿ ವಹಿಯಲ್ಲಿ ಬರೆಯಲ್ಪಡುತ್ತದೆ. ಸಣ್ಣ ವ್ಯಾಪಾರಸ್ಥ ಮಿತ್ರರೇ, ನಿಮ್ಮ ವಹಿಯಲ್ಲಿ ವಸೂಲಾಗದೆ ಉಳಿದ ಬಾಕಿಯಲ್ಲಿ ಚಿಗರಿಯ ಪಾಲೂ ಇದೆ. ಬಾಕಿ ತೀರದೆ ಒಕ್ಕಲುತನ ಬಿಟ್ಟವನು ನಾಳೆ ಗಿರಣಿಯ ಬಾಗಿಲಲ್ಲಿ ಅರ್ಧ ಪಗಾರಕ್ಕೆ ನಿಲ್ಲುತ್ತಾನೆ. ಆದುದರಿಂದ ಇದು ಒಕ್ಕಲಿಗನೊಬ್ಬನ ಪ್ರಶ್ನೆಯಲ್ಲ.

ಹಾಗಾದರೆ ಬೇಟೆಗೆ ಮತ್ತೆ ಪರವಾನಿಗೆ ಕೊಡಿರಿ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪರವಾನಿಗೆ ಸಿಗುವುದು ಬಂದೂಕು, ಜೀಪು ಇದ್ದವನಿಗೆ. ಹರಣಶಿಕಾರಿಯ ಉರುಲಿಗೆ ಯಾವ ಕಚೇರಿಯೂ ಸಿಕ್ಕಾ ಒತ್ತುವುದಿಲ್ಲ. ಹುಲ್ಲುಗಾವಲನ್ನೆಲ್ಲ ನಾವು ಹರಗಿ ಹೊಲ ಮಾಡಿಕೊಂಡ ಮೇಲೆ ಆ ಮೂಕಪ್ರಾಣಿ ಎಲ್ಲಿ ಮೇಯಬೇಕು? ಕೊಲ್ಲದೆಯೂ ದಾರಿಯಿದೆ. ಮಧ್ಯಪ್ರದೇಶದಲ್ಲಿ 2025ರಲ್ಲಿ ಹೆಲಿಕಾಪ್ಟರಿನಿಂದ ಹಿಂಡುಗಳನ್ನು ಬೇಲಿಯೊಳಗೆ ಹಾಯಿಸಿ, ನೂರಾರು ಚಿಗರಿಗಳನ್ನು ಜೀವಂತ ಹಿಡಿದು ಅರಣ್ಯಕ್ಕೆ ಸಾಗಿಸಿದರು. ಮೆಲ್ಲಗೆ ಹಿಂಡು ಹೊಡೆದುಕೊಂಡು ಬರುವ ವಿದ್ಯೆ ನಮ್ಮ ಅಜ್ಜನಿಗೆ ಹೆಲಿಕಾಪ್ಟರ್ ಇಲ್ಲದೆಯೇ ಗೊತ್ತಿತ್ತು!

ಆದುದರಿಂದ ನಮ್ಮ ಬೇಡಿಕೆಗಳು ಇವು. ನಷ್ಟದ ಪಂಚನಾಮೆ ಎಂಟು ದಿನಗಳಲ್ಲಿ ಆಗತಕ್ಕದ್ದು. ಹಣ ಮುಂದಿನ ಬಿತ್ತಿಗೆಗೆ ಮೊದಲು ಕೈಸೇರತಕ್ಕದ್ದು. ಲಾವಣಿದಾರನ ನಷ್ಟ ಲಾವಣಿದಾರನಿಗೇ ಸಲ್ಲಬೇಕು. ಮುಂಗಾರಿ ಹಿಂಗಾರಿ ಎರಡೂ ಬಿತ್ತಿಗೆಯಲ್ಲಿ ಅರಣ್ಯ ಇಲಾಖೆ ಪಗಾರು ಕೊಟ್ಟು ಕಾವಲುಗಾರರನ್ನು ಇಡಬೇಕು; ಆ ಕೆಲಸದಲ್ಲಿ ಬೇಟೆಯ ಕಸುಬು ಕಳೆದುಕೊಂಡ ಮನೆತನಗಳಿಗೆ ಮೊದಲ ಹಕ್ಕು. ಉಳಿದ ಗೋಮಾಳವನ್ನು ಯಾರಿಗೂ ಮಾರದೆ ಹುಲ್ಲಿಗಾಗಿ ಬಿಡಬೇಕು.

ಇವು ದೊಡ್ಡ ಬೇಡಿಕೆಗಳೇನಲ್ಲ. ನರಗುಂದದ ರೈತರು 1980ರ ಜುಲೈಯಲ್ಲಿ ನೀರಿನ ಕರದ ವಿರುದ್ಧ ಎದ್ದು ನಿಂತಾಗ ಗುಂಡಿಗೆ ಎದೆಯೊಡ್ಡಬೇಕಾಯಿತು. ಈಗ ಬೇಕಾದದ್ದು ಒಂದು ಅರ್ಜಿ ಮತ್ತು ಅದರ ಹಿಂದೆ ಸಾವಿರ ಸಹಿ. ಅರ್ಜಿಯ ನಮೂನೆ ನಮ್ಮ ಕಚೇರಿಯಲ್ಲಿದೆ. ಸಂತೆಗೆ ಬಂದಾಗ ಗಿರಣಿಯವರೂ ಅಂಗಡಿಯವರೂ ಬಂದು ಸಹಿ ಹಾಕಿರಿ. ಆ ಅಜ್ಜ ಮೊದಲನೆಯವನಾಗಿ ಹೆಬ್ಬೆಟ್ಟು ಒತ್ತಿದ್ದಾನೆ.