ಕಿಟಕಿ ಅವರದು, ಹಿತ್ತಲು ನಮ್ಮದು

ಊರಿಗೆ ಹೋಗಿದ್ದು ಎರಡು ದಿನದ ಮಟ್ಟಿಗೆ. ವರ್ಕ್ ಫ್ರಮ್ ಹೋಮ್ ಹಾಕಿ ಹತ್ತು ದಿನ ಉಳಿಯಬೇಕಾಯ್ತು. ಕಾರಣ ಒಂದು ಬಾತ್‌ರೂಮ್!

ನಮ್ಮದು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ. ದಸರಾದಲ್ಲಿ ಗೊರವಯ್ಯ ಬಿಲ್ಲೇರಿ ಕಾರ್ಣಿಕ ನುಡಿಯುವ ಹೊತ್ತಿಗೆ ಊರಿನ ಪ್ರತಿ ಮನೆಯಲ್ಲೂ ನೆಂಟರು. ಅಪ್ಪನಿಗೆ ಮೊಣಕಾಲು ನೋವು, ಹಿತ್ತಲ ಮೂಲೆಯ ಹಳೇ ಬಚ್ಚಲಿಗೆ ರಾತ್ರಿ ನಡೆದು ಹೋಗೋದು ಕಷ್ಟ. ಅವರ ಕೋಣೆಗೆ ಹೊಂದಿಕೊಂಡಂತೆ ಕಮೋಡ್ ಇರೋ ಬಾತ್‌ರೂಮ್ ಬೇಕು, ಅದೂ ಕಾರ್ಣಿಕಕ್ಕೆ ಮುಂಚೆ. ಪ್ಲ್ಯಾನ್ ನಾನೇ ಬರೆದೆ. ನಮ್ಮ ಗೋಡೆಯಿಂದ ಪಕ್ಕದ ಮನೆ ಗೋಡೆವರೆಗೆ ಹತ್ತು ಅಡಿ ಇತ್ತು, ಹತ್ತನ್ನೂ ಬಳಸಿದೆ. ಜಾಗ ನಮ್ಮದೇ ತಾನೆ?

ಗೌಂಡಿ ಬಂದು ಸುಣ್ಣದ ಗೆರೆ ಹಾಕಿದ ದಿನ ಪಕ್ಕದ ಮನೆ ದೊಡ್ಡವ್ವ ಕಿಟಕಿಯಿಂದಲೇ ಕೇಳಿದರು: "ತಮ್ಮಾ, ಗ್ವಾಡಿ ಇಲ್ಲೀತನಾ ಬರ್ತೈತೇನು? ನನ್ನ ಅಡಗಿ ಮನಿಗೆ ಇರೋದು ಇದೊಂದ ಕಿಟಕಿ."

ಸಂಜೆ ಅವರ ಮಗನ ಫೋನ್. "ಕೋರ್ಟಿಂದ ಸ್ಟೇ ತರ್ತೀವಿ." ಅಪ್ಪನೂ ಬಿಡಲಿಲ್ಲ, "ತರ್ಲಿ, ಉತಾರ ನಮ್ಮ ಹೆಸರಿಗೈತಿ" ಅಂದರು. ನಾನು ಹುಟ್ಟೋಕೆ ಮುಂಚಿನ ಕಿಟಕಿ ಅದು. ಅವರ ಶೇಂಗಾ ಹೋಳಿಗೆ ಈಚೆ ಬಂದಿದ್ದು, ನಮ್ಮ ಕರಿಗಡುಬು ಆಚೆ ಹೋಗಿದ್ದು ಅದರ ಮೂಲಕವೇ. ಬ್ಯಾಡಗಿ ಮೆಣಸಿನಕಾಯಿ ಹುರಿದ ಘಾಟು ಹೊರಗೆ ಹೋಗೋದೂ ಅಲ್ಲಿಂದಲೇ.

ಮರುದಿನ ರಾಣೆಬೆನ್ನೂರಿನಲ್ಲಿ ಒಬ್ಬ ವಕೀಲರನ್ನ ಕಂಡೆ. ಅವರು ಹೇಳಿದ್ದು ಕೇಳಿ ನನ್ನ ಪ್ಲ್ಯಾನ್ ಮಡಚಿ ಜೇಬಿಗಿಟ್ಟುಕೊಂಡೆ.

1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಅನುಭೋಗದ ಹಕ್ಕಿನ ಕಾಯ್ದೆ, ಇವತ್ತಿಗೂ ಜಾರಿಯಲ್ಲಿದೆ. ಅದರ 15ನೇ ಸೆಕ್ಷನ್ ಪ್ರಕಾರ ಒಂದು ಕಟ್ಟಡಕ್ಕೆ 20 ವರ್ಷ ತಡೆಯಿಲ್ಲದೆ, ತಕರಾರಿಲ್ಲದೆ, ಹಕ್ಕಿನಿಂದ ಬೆಳಕು-ಗಾಳಿ ಬಂದಿದ್ದರೆ ಅದು ಆ ಕಟ್ಟಡದ ಹಕ್ಕಾಗುತ್ತೆ. ನೆಲ ನಮ್ಮದಾದರೂ ಆ ಬೆಳಕನ್ನ ಪೂರ್ತಿ ಮುಚ್ಚೋ ಹಾಗೆ ಗೋಡೆ ಎಬ್ಬಿಸಿದರೆ ಅವರು ಕೋರ್ಟಿಗೆ ಹೋಗಬಹುದು. ಹಾಗಂತ ನಿನ್ನೆ ಮೊನ್ನೆ ಇಟ್ಟ ಕಿಟಕಿಗೆ ಈ ಹಕ್ಕಿಲ್ಲ. "ಸದ್ಯಕ್ಕೆ ಇಟ್ಕೊಳ್ಳಿ" ಅಂತ ನಾವೇ ಅನುಮತಿ ಕೊಟ್ಟ ಕಿಟಕಿಗೂ ಇಲ್ಲ. ಬರೀ ಖಾಲಿ ಜಾಗಕ್ಕೆ ಬೆಳಕು ಬೇಕು ಅಂತ ಕೇಳೋಕೂ ಬರಲ್ಲ.

ಎರಡನೇ ತಪ್ಪು ಪಂಚಾಯಿತಿಯದ್ದಲ್ಲ, ನಮ್ಮದೇ. ಹೊಸ ಮನೆಗೆ ಮಾತ್ರ ಪರ್ಮಿಷನ್ ಬೇಕು ಅಂದುಕೊಂಡಿದ್ದೆವು. 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಇರೋ ಕಟ್ಟಡಕ್ಕೆ ಏನಾದರೂ ಸೇರಿಸೋದಕ್ಕೂ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಬೇಕು. ಅನುಮತಿ ಸಿಕ್ಕಿತು ಅಂತ ಪಕ್ಕದವರ ಹಕ್ಕು ಹೋಗಲ್ಲ, ಅದು ಬೇರೆ ಲೆಕ್ಕ.

ಮೂರನೆಯದು ಪಾಯ. ಪಕ್ಕದ ನೆಲಕ್ಕೆ ನಮ್ಮ ಮಣ್ಣಿನ ಆಸರೆ ಇರುತ್ತೆ. ನಾವು ಆಳವಾಗಿ ಅಗೆದು ಅವರ ಕಡೆ ಕುಸಿದರೆ ಹೊಣೆ ನಮ್ಮ ಮೇಲೆ ಬರಬಹುದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಇದಕ್ಕಂತಲೇ 1996ರ ಪಾರ್ಟಿ ವಾಲ್ ಕಾಯ್ದೆ ಇದೆ. ಪಕ್ಕದ ಕಟ್ಟಡದಿಂದ 3 ಮೀಟರ್ ಒಳಗೆ, ಅದರ ಪಾಯಕ್ಕಿಂತ ಆಳ ತೋಡೋದಾದರೆ ಒಂದು ತಿಂಗಳು ಮೊದಲೇ ನೋಟಿಸ್ ಕೊಡಬೇಕು. ನಮ್ಮಲ್ಲಿ ಜೆಸಿಬಿ ಸದ್ದೇ ನೋಟಿಸ್!

ಸಂಜೆ ಅಪ್ಪನನ್ನ ಕರ್ಕೊಂಡು ದೊಡ್ಡವ್ವನ ಅಡುಗೆ ಮನೆಗೇ ಹೋದೆ. ಮೊಬೈಲ್ ಟಾರ್ಚನ್ನ ಕಿಟಕಿ ಹೊರಗೆ ಹಿಡಿದು, ಒಂದು ರಟ್ಟು ಅಡ್ಡ ಇಟ್ಟು ಹಿಂದೆ ಮುಂದೆ ಸರಿಸಿದೆ. ರಟ್ಟು ಕಿಟಕಿಗೆ ಅಂಟಿದಾಗ ಒಲೆಯೇ ಕಾಣಲಿಲ್ಲ. ಅಪ್ಪ ಸ್ವಲ್ಪ ಹೊತ್ತು ನಿಂತು ನೋಡಿ, "ಅಕ್ಕಾ, ಮೂರು ಅಡಿ ಬಿಟ್ಟರ ಸಾಕೇನು?" ಅಂದರು. ದೊಡ್ಡವ್ವ ಮಾತಾಡಲಿಲ್ಲ, ಚಹಾಕ್ಕೆ ನೀರಿಟ್ಟರು.

ಏಳು ಅಡಿಯಲ್ಲೇ ಕಮೋಡ್, ಹಿಡಿದುಕೊಳ್ಳೋ ಸ್ಟೀಲ್ ರಾಡ್, ಬಿಸಿನೀರಿನ ನಲ್ಲಿ ಎಲ್ಲಾ ಕೂತವು. ವೆಂಟಿಲೇಟರ್ ನಮ್ಮ ಕಡೆಗೆ ತಿರುಗಿಸಿದೆವು. ಸಜ್ಜಾ ಆಚೆ ಚಾಚಲಿಲ್ಲ, ಮಳೆ ನೀರಿನ ಪೈಪನ್ನ ನಮ್ಮ ಚರಂಡಿಗೇ ಇಳಿಸಿದೆವು. ಗೌಂಡಿ ಖುಷಿಯಾದ, "ಸಂದಿ ಇದ್ರ ಹೊರಗಿನ ಗ್ವಾಡಿಗೂ ಪ್ಲಾಸ್ಟರ್ ಮಾಡಾಕ ಬರ್ತೈತ್ರಿ" ಅಂದ. ಗೋಡೆಗೆ ಗೋಡೆ ಅಂಟಿಸಿದ್ದರೆ ನಮ್ಮ ಬಾತ್‌ರೂಮಿನ ಥಂಡಿ ಅವರ ಅಡುಗೆ ಮನೆಗೆ ಇಳೀತಿತ್ತು, ರಿಪೇರಿಗೆ ಕೈ ಹಾಕೋಕೂ ಆಗ್ತಿರಲಿಲ್ಲ.

ನೀವೂ ಊರಿನ ಮನೆಗೆ ಒಂದು ಕೋಣೆ ಸೇರಿಸೋ ಯೋಚನೆಯಲ್ಲಿದ್ದರೆ ಮೊದಲು ಇ-ಸ್ವತ್ತಿನ ನಮೂನೆ 9 ತೆಗೆದು ಅಳತೆ, ಚೆಕ್ಕುಬಂದಿ ನೋಡಿ. ಆಮೇಲೆ ಟೇಪ್ ಹಿಡಿದು ನೆಲದ ಮೇಲೂ ಅಳೆಯಿರಿ, ಎರಡೂ ಒಂದೇ ಇರಬೇಕು ಅಂತೇನಿಲ್ಲ. ಗಡಿ ಗೋಡೆಯಲ್ಲಿರೋ ಕಿಟಕಿ, ಪೈಪುಗಳ ಫೋಟೊ ತೆಗೆದಿಡಿ. ಪಕ್ಕದವರು ಒಪ್ಪಿದ್ದನ್ನ ಇಬ್ಬರೂ ಸಹಿ ಮಾಡಿದ ಒಂದು ಹಾಳೆಯಲ್ಲಿ ಬರೆದಿಡಿ. ನಾವೂ ಬರೆದೆವು. ಆದರೆ ಇದೆಲ್ಲ ಸುಣ್ಣದ ಗೆರೆ ಬೀಳೋಕೆ ಮುಂಚೆ ಆಗಬೇಕು. ನಾನು ಗೆರೆ ಹಾಕಿಸಿ ಆಮೇಲೆ ಕಾನೂನು ಓದಿದವನು.

ಬೆಂಗಳೂರಿಗೆ ಹೊರಟ ದಿನ ದೊಡ್ಡವ್ವ ಒಂದು ಡಬ್ಬಿ ಕೊಟ್ಟರು. ಕಿಟಕಿಯಿಂದಲೇ, ಸ್ವಲ್ಪ ಕೈ ಚಾಚಿ.